ನಾಲ್ಕು ಕೆರೆ, ನೂರೆಂಟು ಗೆರೆ

ಮ್ಯಾಡಿಸನ್ನಿನ ಶನಿವಾರದ ಸಂತೆಯಲ್ಲಿ ಜನ ಅಪ್ರದಕ್ಷಿಣೆಯಾಗಿ ನಡೆಯುತ್ತಾರೆ. ವಿಸ್ಕಾನ್ಸಿನ್ ರಾಜ್ಯದ ಶಾಸನಭವನವನ್ನು ಸುತ್ತುವ ನಾಲ್ಕು ಬೀದಿಗಳಲ್ಲಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ರೈತರು ಮೇಜು ಹಾಕಿ ನಿಲ್ಲುತ್ತಾರೆ. ಗ್ರಾಹಕರ ಪ್ರವಾಹ ಒಂದೇ ದಿಕ್ಕಿಗೆ ಹರಿಯುತ್ತದೆ. ಗುಡಿ ಸುತ್ತಿ ಅಭ್ಯಾಸವಾದ ಕಾಲುಗಳು ಇನ್ನೊಂದು ಕಡೆಗೆ ಎಳೆದರೂ ಮಕ್ಕಳ ತಳ್ಳುಗಾಡಿ, ಹೂವಿನ ಕಂತೆ, ಮೆಕ್ಕೆಜೋಳದ ಚೀಲಗಳ ಎದುರು ನಡೆಯುವುದು ಸುಲಭವಲ್ಲ. ಹಲ್ಲಿಗೆ ಸಿಕ್ಕರೆ ಕೀಚ್ ಎನ್ನುವ ತಾಜಾ ಚೀಸ್ ತುಂಡುಗಳನ್ನು ತಿನ್ನುತ್ತ ನಾನೂ ಅವರ ದಿಕ್ಕಿಗೇ ಹರಿದೆ.

1972ರಲ್ಲಿ ಶುರುವಾದ ಈ ಸಂತೆಯಲ್ಲಿ ಮಾರುವವರು ತಾವೇ ಬೆಳೆದದ್ದನ್ನು, ತಾವೇ ಮಾಡಿದ್ದನ್ನು ಮಾತ್ರ ಮಾರಬೇಕು, ದಲ್ಲಾಳಿಗಳಿಗೆ ಜಾಗವಿಲ್ಲ. ನಡೆಯುವುದು ರಾಜಧಾನಿಯ ನಟ್ಟನಡುವೆ, ರಾಜ್ಯದ ಗುಮ್ಮಟದ ಬುಡದಲ್ಲಿ. ಆದರೆ ಹೆಸರಿನಲ್ಲಿ ನಗರವೂ ಇಲ್ಲ, ರಾಜ್ಯವೂ ಇಲ್ಲ. ಇದು ಡೇನ್ ಕೌಂಟಿ ರೈತರ ಸಂತೆ.

ಅಮೆರಿಕದ ರಾಜಧಾನಿ ನಗರಗಳಿಗೆ ಹೋದ ನಮ್ಮವರು ಗುಮ್ಮಟದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ನಾನೂ ತೆಗೆಸಿಕೊಂಡೆ. ಜಾರ್ಜ್ ಪೋಸ್ಟ್ ಎಂಬ ವಾಸ್ತುಶಿಲ್ಪಿ ರೂಪಿಸಿ 1906ರಿಂದ 1917ರವರೆಗೆ ಕಟ್ಟಿದ ಈ ಭವನದ ಗುಮ್ಮಟ ಪೂರ್ತಿ ಗ್ರಾನೈಟಿನದು. ನೆತ್ತಿಯ ಮೇಲೆ ಚಿನ್ನದ ಲೇಪದ ಹೆಣ್ಣುಮೂರ್ತಿ, ಅವಳ ಶಿರಸ್ತ್ರಾಣದ ಮೇಲೆ ಬ್ಯಾಜರ್ ಎಂಬ ಬಿಲ ತೋಡುವ ಪ್ರಾಣಿ. ಹಿಂದೆ ಸೀಸದ ಗಣಿ ಕೆಲಸಗಾರರು ಚಳಿಗಾಲದಲ್ಲಿ ಗುಡ್ಡ ಕೊರೆದು ಅದರೊಳಗೇ ಇರುತ್ತಿದ್ದರಂತೆ; ಅವರಿಗೆ ಅಂಟಿದ ಅಡ್ಡಹೆಸರು ರಾಜ್ಯಕ್ಕೇ ಅಂಟಿ ಈಗ ಬಂಗಾರದ ಕಿರೀಟವೇರಿ ಕೂತಿದೆ. ಭವನದ ಒಳಗೆ ಹೋಗಲು ಯಾರನ್ನೂ ಕೇಳಬೇಕಿಲ್ಲ. ಬಾಗಿಲು ತಳ್ಳಿದರೆ ಆಯಿತು. ಸಂತೆಯ ಚೀಲ ಹಿಡಿದವರು ಶೌಚಾಲಯಕ್ಕೆಂದು ಒಳಗೆ ಹೋಗಿ ಬರುತ್ತಿದ್ದರು. ವಿಧಾನಸೌಧದ ಗೇಟಿನ ಮುಂದೆ ಪಾಸಿಗಾಗಿ ನಿಂತ ಅನುಭವವಿರುವ ನನಗೆ ಇದು ಗುಮ್ಮಟಕ್ಕಿಂತ ದೊಡ್ಡ ಸೋಜಿಗ.

ಭವನಕ್ಕೆ ನಾಲ್ಕು ರೆಕ್ಕೆಗಳಿವೆ. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮಕ್ಕೆ ಸರಿಯಾಗಿ ಚಾಚಿವೆ. ಸುತ್ತಲಿನ ಬೀದಿಗಳು ಮಾತ್ರ ಓರೆ. ಹೀಗಾಗಿ ಒಂದೊಂದು ರೆಕ್ಕೆಯೂ ಚೌಕದ ಒಂದೊಂದು ಮೂಲೆಯನ್ನು ನೋಡುತ್ತದೆ. ಯಾಕೆಂದು ತಿಳಿಯಲು ಮೇಲೆ ಹತ್ತಬೇಕು. ಗುಮ್ಮಟದ ಬುಡದ ಜಗಲಿಯಿಂದ ನೋಡಿದರೆ ವಾಯವ್ಯಕ್ಕೆ ಮೆಂಡೋಟ ಸರೋವರ, ಆಗ್ನೇಯಕ್ಕೆ ಮೊನೋನ ಸರೋವರ. ನಡುವೆ ಇರುವುದು ನೈರುತ್ಯದಿಂದ ಈಶಾನ್ಯಕ್ಕೆ ಮಲಗಿದ ಕಿರಿದಾದ ನೆಲದ ಪಟ್ಟಿ. ಕೆಲವೆಡೆ ಒಂದು ಮೈಲಿಯೂ ಅಗಲವಿಲ್ಲ. ಬೀದಿಗಳು ನೀರಿನ ಮಾತು ಕೇಳಿವೆ, ಕಟ್ಟಡ ದಿಕ್ಸೂಚಿಯ ಮಾತು ಕೇಳಿದೆ. ನಾನು ಈ ಕೌಂಟಿಯಲ್ಲಿ ಮುಂದೆ ನೋಡಿದ್ದೆಲ್ಲ ಈ ಎರಡು ವಿಧೇಯತೆಗಳ ನಡುವಿನ ತಿಕ್ಕಾಟವೇ.

ದಿಕ್ಸೂಚಿಯ ಪಕ್ಷದ ಕಥೆ 1785ರಷ್ಟು ಹಳೆಯದು. ಸ್ವಾತಂತ್ರ್ಯಯುದ್ಧದ ಸಾಲ ಹೊತ್ತಿದ್ದ ಹೊಸ ದೇಶಕ್ಕೆ ಮಾರಲು ಇದ್ದದ್ದು ನೆಲವೊಂದೇ. ನೋಡದ ನೆಲವನ್ನು ಮಾರಬೇಕಾದರೆ ಅದನ್ನು ಕಾಗದದಲ್ಲಿ ವಿವರಿಸಲು ಬರಬೇಕು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳು. ಒಂದೊಂದರೊಳಗೆ ಒಂದು ಚದರ ಮೈಲಿಯ, ಅಂದರೆ 640 ಎಕರೆಯ 36 ಮನೆಗಳು. ಅದರಲ್ಲಿ ಹದಿನಾರನೆಯ ಮನೆ ಶಾಲೆಗೆ. ಬೆಟ್ಟ ಬರಲಿ, ಜೌಗು ಬರಲಿ, ಸರಪಳಿ ಹಿಡಿದ ಮೋಜಣಿದಾರರು ನೇರ ಗೆರೆ ಎಳೆಯುತ್ತ ಹೋದರು. ಎರಡು ವರ್ಷದ ನಂತರ, 1787ರಲ್ಲಿ, ಈ ವಾಯವ್ಯ ಪ್ರದೇಶದ ಆಡಳಿತ ಹೇಗಿರಬೇಕೆಂಬ ಕಾನೂನಿನ ಕರಡು ಬರೆದವರಲ್ಲಿ ಮುಖ್ಯನಾದವನು ಮ್ಯಾಸಚೂಸೆಟ್ಸ್‌ನ ನೇಥನ್ ಡೇನ್. ಇಲ್ಲಿ ಗುಲಾಮಗಿರಿ ಇರಕೂಡದು ಎಂಬ ಕಲಮನ್ನು ಅದಕ್ಕೆ ಸೇರಿಸಿದವನೂ ಅವನೇ. ಈ ಕೌಂಟಿಗೆ ಅವನ ಹೆಸರನ್ನಿಟ್ಟದ್ದು 1836ರಲ್ಲಿ. ಅವನು ತೀರಿಕೊಂಡು ಆಗಲೇ ಒಂದು ವರ್ಷ ಮೇಲಾಗಿತ್ತು. ಈ ಕಡೆ ಅವನು ಕಾಲಿಟ್ಟವನೇ ಅಲ್ಲ.

ರಾಜಧಾನಿ ಹುಟ್ಟಿದ್ದೂ ಅದೇ ವರ್ಷ, ಅದೂ ಕಾಗದದ ಮೇಲೆ. ಜೇಮ್ಸ್ ಡೋಟಿ ಎಂಬ ಮಾಜಿ ನ್ಯಾಯಾಧೀಶ, ಹಾಲಿ ಭೂವ್ಯಾಪಾರಿ, ಈ ಎರಡು ಸರೋವರಗಳ ನಡುವಿನ ನೆಲ ಕೊಂಡು, ಸೆಕ್ಷನ್ ಎನ್ನುವ ಆ 640 ಎಕರೆಯ ನಾಲ್ಕು ಮನೆಗಳ ಮೂಲೆಗಳು ಕೂಡುವ ಬಿಂದುವಿನಲ್ಲಿ ಶಾಸನಭವನದ ಚೌಕ ಬರೆದು, ಆ ವರ್ಷವಷ್ಟೇ ತೀರಿಕೊಂಡಿದ್ದ ಅಧ್ಯಕ್ಷ ಮ್ಯಾಡಿಸನ್‌ರ ಹೆಸರಿಟ್ಟ. ಬೀದಿಗಳಿಗೆ ಸಂವಿಧಾನಕ್ಕೆ ಸಹಿ ಹಾಕಿದವರ ಹೆಸರುಗಳು. ದೇಶಭಕ್ತಿಯ ಹೆಸರಿಟ್ಟ ಸೈಟನ್ನು ಬೇಡ ಎನ್ನುವವರು ಯಾರು? ಪ್ರಾಂತ್ಯದ ಶಾಸಕರು ಬೆಲ್ಮಾಂಟ್ ಎಂಬ ಹಳ್ಳಿಯ ಚಳಿಯಲ್ಲಿ ನಡುಗುತ್ತ ಸಭೆ ನಡೆಸುತ್ತಿದ್ದಾಗ ಡೋಟಿ ಅವರಿಗೆ ಬೈಸನ್ ಎಂಬ ಕಾಡೆಮ್ಮೆಯ ಚರ್ಮದ ಹೊದಿಕೆಗಳನ್ನೂ ಕೆಲವರಿಗೆ ಸೈಟುಗಳನ್ನೂ ಹಂಚಿದ ಎಂಬ ಕಥೆಯನ್ನು ಇಲ್ಲಿ ಎಲ್ಲರೂ ನಗುತ್ತಲೇ ಹೇಳುತ್ತಾರೆ. ಆಗ ಊರಿನಲ್ಲಿ ಒಂದು ಮನೆಯೂ ಇರಲಿಲ್ಲ. ಮರುವರ್ಷ ರೋಸಲಿನ್ ಮತ್ತು ಎಬೆನ್ ಪೆಕ್ ದಂಪತಿ ಬಂದು ಮರದ ದಿಮ್ಮಿಗಳ ವಸತಿಗೃಹ ತೆರೆದರು. ಭವನ ಕಟ್ಟಲು ಬಂದ ಕೂಲಿಗಳಿಗೆ ಅಲ್ಲಿಯೇ ಊಟ.

ಒಂದು ಮನೆಯೂ ಇರಲಿಲ್ಲ ಎಂಬುದು ಕಾಗದದವರ ಲೆಕ್ಕ. ಈ ಸರೋವರಗಳ ದಡ ಹೋಚಂಕ್ ಜನರ ನೆಲ. ಅವರಿಗೆ ಇದು ಟೇಜೋಪ್, ನಾಲ್ಕು ಕೆರೆಗಳ ಸೀಮೆ. 1832ರಲ್ಲಿ ಸಾಕ್ ಬುಡಕಟ್ಟಿನ ನಾಯಕ ಬ್ಲ್ಯಾಕ್ ಹಾಕ್ ತನ್ನ ಜನರೊಂದಿಗೆ ಸೈನಿಕರಿಂದ ತಪ್ಪಿಸಿಕೊಳ್ಳುತ್ತ ಇದೇ ನೆಲದ ಪಟ್ಟಿಯ ಮೇಲೆ ಹಾದುಹೋದ. ಕೌಂಟಿಯ ವಾಯವ್ಯ ಮೂಲೆಯಲ್ಲಿ, ವಿಸ್ಕಾನ್ಸಿನ್ ನದಿಯ ದಿಣ್ಣೆಗಳ ಬಳಿ, ಜುಲೈ 21ರಂದು ಕದನವಾಯಿತು. ಆ ಯುದ್ಧದ ಬೆನ್ನಿಗೇ ಹೋಚಂಕರಿಂದ ಒಪ್ಪಂದಕ್ಕೆ ರುಜು ಹಾಕಿಸಿ ಈ ಸೀಮೆಯನ್ನು ಬರೆಸಿಕೊಂಡರು. ಅವರನ್ನು ಮತ್ತೆ ಮತ್ತೆ ಹೊರಗೆ ಸಾಗಿಸಿದರು, ಅವರು ಮತ್ತೆ ಮತ್ತೆ ವಾಪಸು ಬಂದರು. ಅವರ ಪೂರ್ವಜರು ಪಕ್ಷಿ, ಕರಡಿ, ನೀರಿನ ಜೀವಿಗಳ ಆಕಾರದಲ್ಲಿ ಕಟ್ಟಿದ ಮಣ್ಣಿನ ದಿಬ್ಬಗಳು ಇಂದಿಗೂ ದಡದುದ್ದಕ್ಕೂ ಇವೆ. ಮೆಂಡೋಟದ ಉತ್ತರ ದಡದಲ್ಲಿರುವ ಒಂದು ಹಕ್ಕಿಯ ರೆಕ್ಕೆಯ ಹರವು 624 ಅಡಿ. 2021ರಲ್ಲಿ ಮೆಂಡೋಟದ ತಳದಿಂದ 1,200 ವರ್ಷ ಹಳೆಯ ದೋಣಿಯೊಂದನ್ನು, ಒಂದೇ ಮರದ ದಿಮ್ಮಿ ಕೊರೆದು ಮಾಡಿದ್ದನ್ನು, ಮೇಲೆತ್ತಿದರು. ಮರುವರ್ಷ ಸಿಕ್ಕ ಇನ್ನೊಂದರ ವಯಸ್ಸು 3,000 ವರ್ಷ. ಹಕ್ಕಿ, ದೋಣಿ ಯಾವುದೂ 640 ಎಕರೆಯ ಚೌಕದ ಲೆಕ್ಕದಲ್ಲಿ ಬರುವುದಿಲ್ಲ. ಎಲ್ಲಕ್ಕೂ ನೀರೇ ದಿಕ್ಕು.

ನಾನು ಉಳಿದುಕೊಂಡಿದ್ದು ಮ್ಯಾಡಿಸನ್ನಿನ ನೈರುತ್ಯಕ್ಕಿರುವ ವೆರೋನದಲ್ಲಿ, ಅಣ್ಣನ ಮಗನ ಮನೆಯಲ್ಲಿ. ಆಸ್ಪತ್ರೆಗಳ ದಾಖಲೆಯ ಸಾಫ್ಟ್‌ವೇರ್ ಮಾಡುವ ದೊಡ್ಡ ಕಂಪನಿ ಆ ಊರಿನಲ್ಲಿರುವುದರಿಂದ ಸುತ್ತಮುತ್ತ ಕನ್ನಡ ಕಿವಿಗೆ ಬೀಳುವುದು ಅಪರೂಪವಲ್ಲ. ಅವನು ಕಾರಿನಲ್ಲಿ ಕರೆದೊಯ್ಯುವಾಗ ದಾರಿ ಹೇಳುವ ಯಂತ್ರ "ಕೌಂಟಿ ಎಂ", "ಕೌಂಟಿ ಪಿಡಿ" ಎನ್ನುತ್ತಿತ್ತು.

"ಇದೇನೋ, ರಸ್ತೆಗೆ ಹೆಸರೇ ಇಲ್ವಾ?"

"ನಂಬರ್ ಇದ್ರೆ ರಾಜ್ಯದ ರಸ್ತೆ, ಅಕ್ಷರ ಇದ್ರೆ ಕೌಂಟಿ ರಸ್ತೆ ಚಿಕ್ಕಪ್ಪ. ಹಿಮ ಬಿದ್ದಾಗ ಯಾರಿಗೆ ಫೋನ್ ಮಾಡ್ಬೇಕು ಅಂತ ಅದ್ರಲ್ಲೇ ಗೊತ್ತಾಗುತ್ತೆ."

ಹೆದ್ದಾರಿಗಳಿಗೆ ಸಂಖ್ಯೆ ಬರೆಯುವ ಪದ್ಧತಿಯನ್ನು ಅಮೆರಿಕದಲ್ಲಿ ಮೊದಲು ತಂದದ್ದೂ ವಿಸ್ಕಾನ್ಸಿನ್, 1918ರಲ್ಲಿ. ಅಂಕಿಗಳು ರಾಜ್ಯದ ಪಾಲಾದವು, ಅಕ್ಷರಗಳು ಕೌಂಟಿಗಳಿಗೆ ಉಳಿದವು. ಒಂದಕ್ಷರ ಮುಗಿದರೆ ಎರಡಕ್ಷರ.

ಕೌಂಟಿ ಅಂದರೆ ಜಿಲ್ಲೆ ಎಂದು ನಮ್ಮ ಪತ್ರಿಕೆಗಳು ಬರೆಯುತ್ತವೆ. ವಿಸ್ತಾರದಲ್ಲಿ ಅದು ಸರಿಯೇ. ಡೇನ್ ಕೌಂಟಿಯ ನೆಲ ಸುಮಾರು 1,200 ಚದರ ಮೈಲಿ, 2020ರ ಜನಗಣತಿಯಲ್ಲಿ 5,61,504 ಜನ, ಅದರಲ್ಲಿ ಹತ್ತಿರಹತ್ತಿರ ಅರ್ಧ ಮ್ಯಾಡಿಸನ್ನಿನಲ್ಲಿ. ಅಧಿಕಾರದ ವಿಷಯ ಬೇರೆ. ಮೇಲಿನಿಂದ ನೇಮಕವಾಗಿ ಬಂದು ಎರಡು ವರ್ಷಕ್ಕೆ ವರ್ಗವಾಗಿ ಹೋಗುವ ಜಿಲ್ಲಾಧಿಕಾರಿ ಇಲ್ಲಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಜನ ಆರಿಸುವ ಕೌಂಟಿ ಎಕ್ಸಿಕ್ಯುಟಿವ್ ಇದ್ದಾರೆ. ಎರಡು ವರ್ಷಕ್ಕೊಮ್ಮೆ ಆರಿಸಿಬರುವ 37 ಸೂಪರ್‌ವೈಸರ್‌ಗಳ ಮಂಡಳಿ ಇದೆ. ಅವರ ಚುನಾವಣೆ ನಡೆಯುವುದು ವಸಂತದಲ್ಲಿ, ಪಕ್ಷದ ಹೆಸರಿಲ್ಲದೆ. ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಚುನಾಯಿತ, ಸರ್ಕಾರಿ ವಕೀಲ ಚುನಾಯಿತ, ಖಜಾಂಚಿ ಚುನಾಯಿತ, ದಸ್ತಾವೇಜು ನೋಂದಾಯಿಸುವ ಅಧಿಕಾರಿಯೂ ಚುನಾಯಿತ. ನ್ಯಾಯಾಧೀಶರೂ ಮತ ಕೇಳುತ್ತಾರೆ ಎಂದಾಗ ನಾನು ಕಾಫಿ ಲೋಟ ಕೆಳಗಿಟ್ಟೆ. ಅಷ್ಟೊಂದು ಜನರನ್ನು ಆರಿಸುವ ಮತದಾರನಿಗೆ ಅವರಲ್ಲಿ ಎಷ್ಟು ಮಂದಿಯ ಪರಿಚಯ ಇರುತ್ತದೋ ಕಾಣೆ. ವರ್ಗಾವಣೆಗೆ ದುಡ್ಡು ಕೊಡುವುದಕ್ಕಿಂತ ಇದು ವಾಸಿ ಎಂದು ಒಮ್ಮೆ ಅನಿಸಿತು, ಸಬ್‌ರಿಜಿಸ್ಟ್ರಾರ್ ಬೀದಿಬೀದಿ ಪ್ರಚಾರಕ್ಕೆ ಹೊರಟ ದೃಶ್ಯ ನೆನೆದು ಇನ್ನೊಮ್ಮೆ ನಗು ಬಂತು.

ಸೊಸೆ ಮನೆಯ ತೆರಿಗೆ ಬಿಲ್ಲು ತಂದು ತೋರಿಸಿದಳು. ಡಿಸೆಂಬರಿನಲ್ಲಿ ಬರುವ ಒಂದೇ ಹಾಳೆ. ಅದರಲ್ಲಿ ಕೌಂಟಿಗೆ ಇಷ್ಟು, ನಗರಕ್ಕೆ ಇಷ್ಟು, ಶಾಲಾ ಜಿಲ್ಲೆಗೆ ಇಷ್ಟು, ತಾಂತ್ರಿಕ ಕಾಲೇಜಿಗೆ ಇಷ್ಟು. "ಎಲ್ಲರಿಗಿಂತ ಶಾಲೆಗೇ ಜಾಸ್ತಿ ಮಾವ. ಪಾಪು ಹುಟ್ಟಿದ ಸರ್ಟಿಫಿಕೇಟ್, ಮನೆ ರಿಜಿಸ್ಟ್ರಿ ಎರಡೂ ಕೌಂಟಿಲೇ ಆಯ್ತು. ರಾಜ್ಯದ ಆಫೀಸಿಗೆ ನಾನು ಹೋಗಿದ್ದು ಡ್ರೈವಿಂಗ್ ಲೈಸೆನ್ಸಿಗೆ ಮಾತ್ರ." ನಾನು ಬಂದಿಳಿದ ವಿಮಾನನಿಲ್ದಾಣ ಕೌಂಟಿಯದು. ಟಿಕೆಟ್ಟಿಲ್ಲದೆ ಮಕ್ಕಳು ನೋಡುವ ಹೆನ್ರಿ ವಿಲಾಸ್ ಮೃಗಾಲಯ ಕೌಂಟಿಯದು. ಕೊಳೆಯುವ ಕೆರೆಪಾಚಿ ಕತ್ತರಿಸಿ ದಡಕ್ಕೆ ತರುವ ಯಂತ್ರದೋಣಿಗಳೂ ಕೌಂಟಿಯವು.

ಈ ಕೌಂಟಿಯೊಳಗೆ ನಗರ, ಗ್ರಾಮ, ಟೌನ್ ಎಂದು ಸುಮಾರು ಅರವತ್ತು ಸ್ಥಳೀಯ ಸರ್ಕಾರಗಳಿವೆ. ಟೌನ್ ಎಂದರೆ ಪಟ್ಟಣವಲ್ಲ, ಹಳೆಯ ಮೋಜಣಿ ಚೌಕ. ಬಹುಪಾಲು ಹೊಲ, ಹಸು, ಅಲ್ಲೊಂದು ಇಲ್ಲೊಂದು ಮನೆ. ಪ್ರತಿ ಏಪ್ರಿಲ್‌ನ ಮೂರನೆಯ ಮಂಗಳವಾರ ಟೌನಿನ ಮತದಾರರೆಲ್ಲ ಒಂದು ಕೋಣೆಯಲ್ಲಿ ಸೇರಿ ನೇರವಾಗಿ ಕೈಯೆತ್ತುವ ಸಭೆ ಈಗಲೂ ನಡೆಯುತ್ತದೆ. ನಮ್ಮ ಗ್ರಾಮಸಭೆಗೆ ಕಾಗದದಲ್ಲಿ ಇಷ್ಟೇ ಅಧಿಕಾರವಿದೆ ಎಂದು ನಾನು ಹೇಳಿದೆ. ಕಾಗದದಲ್ಲಿ ಎಂಬ ಮಾತನ್ನು ಮೆಲ್ಲಗೆ ಹೇಳಿದೆ.

ಗೆರೆಗಳ ವಿಚಿತ್ರ ಅರ್ಥವಾಗಬೇಕಾದರೆ ಮೆಂಡೋಟದ ದಡದಲ್ಲಿ ಒಂದು ಸುತ್ತು ಹಾಕಬೇಕು. ಊರ ನಡುವೆಯೇ ಶೋರ್‌ವುಡ್ ಹಿಲ್ಸ್ ಎಂಬ ಗ್ರಾಮ. ಇತ್ತ ಮೇಪಲ್ ಬ್ಲಫ್ ಎಂಬ ಇನ್ನೊಂದು. ಎರಡೂ ಕೆರೆದಂಡೆಯ ಸಿರಿವಂತರ ನೆರಳು ತುಂಬಿದ ಓಣಿಗಳು. ರಾಜ್ಯಪಾಲರ ಅಧಿಕೃತ ನಿವಾಸವಿರುವುದು ಮೇಪಲ್ ಬ್ಲಫ್‌ನಲ್ಲಿ. (ಇಲ್ಲಿ ರಾಜ್ಯಪಾಲ ಎಂದರೆ ಚುನಾಯಿತ ಆಡಳಿತಗಾರ, ನಮ್ಮ ಮುಖ್ಯಮಂತ್ರಿಯ ಸ್ಥಾನ.) ಅಂದರೆ ರಾಜಧಾನಿಯಿಂದ ರಾಜ್ಯವಾಳುವವರು ರಾಜಧಾನಿಯ ನಿವಾಸಿಯಲ್ಲ, ಪಕ್ಕದ ಗ್ರಾಮದವರು! ದಕ್ಷಿಣಕ್ಕೆ ಬಂದರೆ ಇದರ ತದ್ವಿರುದ್ಧ ಕಥೆ. ಮ್ಯಾಡಿಸನ್ ಟೌನ್ ಎಂಬ ಹಳೆಯ ಚೌಕವನ್ನು ಮ್ಯಾಡಿಸನ್ ನಗರ ದಶಕದಿಂದ ದಶಕಕ್ಕೆ ಕಚ್ಚಿ ಕಚ್ಚಿ ತಿನ್ನುತ್ತ ಬಂತು. ಕೊನೆಗೆ ಉಳಿದದ್ದು ನಗರದೊಳಗೆ ಚದುರಿಬಿದ್ದ ತುಂಡುಗಳು, ಅದರಲ್ಲಿ ಹೆಚ್ಚಿನ ಪಾಲು ಕಡಿಮೆ ಆದಾಯದವರ ಮನೆಗಳು. ರಸ್ತೆಯ ಈ ಕಡೆ ಒಂದು ಪೊಲೀಸ್, ಆ ಕಡೆ ಇನ್ನೊಂದು. ಕಡೆಗೆ 2022ರ ಅಕ್ಟೋಬರ್ 31ರಂದು ಟೌನ್ ವಿಸರ್ಜನೆಯಾಗಿ ಮ್ಯಾಡಿಸನ್ ಮತ್ತು ಫಿಚ್‌ಬರ್ಗ್ ನಗರಗಳು ಅದನ್ನು ಹಂಚಿಕೊಂಡವು. ಸಿರಿವಂತ ಗ್ರಾಮಗಳ ಗೆರೆಗಳು ಮಾತ್ರ ಅಲುಗಲಿಲ್ಲ. ಗೆರೆ ಅಳಿಸುವ ರಬ್ಬರು ಎಲ್ಲ ಕಡೆಯೂ ಒಂದೇ ಬಗೆಯದು.

ಶಾಸನಭವನದಿಂದ ಮೊನೋನ ಸರೋವರದತ್ತ ಇಳಿಯುವ ಮಾರ್ಟಿನ್ ಲೂಥರ್ ಕಿಂಗ್ ರಸ್ತೆಯಲ್ಲಿ ಒಂದು ಸಪ್ಪೆ ಕಟ್ಟಡವಿದೆ. ಪ್ರವಾಸಿಗರ ಯಾವ ಕೈಪಿಡಿಯೂ ಅದರ ಚಿತ್ರ ಹಾಕಲಾರದು. ಹೆಸರೇ ನಗರ-ಕೌಂಟಿ ಕಟ್ಟಡ, 1950ರ ದಶಕದ್ದು. ನಗರಸಭೆಯೂ ಕೌಂಟಿ ಮಂಡಳಿಯೂ ಅದರಲ್ಲೇ. ಆರನೆಯ ಮತ್ತು ಏಳನೆಯ ಮಹಡಿಯಲ್ಲಿ ಜೈಲು! ಗುಮಾಸ್ತರ ತಲೆಯ ಮೇಲೆ ಕೈದಿಗಳು. ಆ ಹಳೆಯ ಕೋಣೆಗಳು ಮನುಷ್ಯರನ್ನಿಡಲು ತಕ್ಕವಲ್ಲ ಎಂಬುದರಲ್ಲಿ ಎಲ್ಲರದೂ ಒಮ್ಮತ. ಬದಲಿಗೆ ಏನು ಕಟ್ಟಬೇಕು, ಎಷ್ಟು ಹಾಸಿಗೆ, ಕಟ್ಟುವ ಬದಲು ಕಡಿಮೆ ಜನರನ್ನು ಒಳಗೆ ಹಾಕಬಾರದೇಕೆ ಎಂದು ಮಂಡಳಿ ವರ್ಷಗಟ್ಟಲೆ ಜಗಳವಾಡಿತು.

ಈ ಜಗಳಕ್ಕೆ ಒಂದು ಪೂರ್ವಕಥೆ ಇದೆ. ವಿಸ್ಕಾನ್ಸಿನ್‌ನಲ್ಲೇ ಹುಟ್ಟಿದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1938ರಲ್ಲಿ ಈ ಬೀದಿಯ ಕೊನೆಗೆ, ಮೊನೋನದ ನೀರಿನ ಮೇಲಕ್ಕೇ ಚಾಚುವ ಒಂದು ಭಾರಿ ಅರ್ಧಚಂದ್ರ ಬರೆದುಕೊಟ್ಟರು. ನಗರಸಭೆ, ಕೌಂಟಿ ನ್ಯಾಯಾಲಯ, ಜೈಲು, ರೈಲು ನಿಲ್ದಾಣ, ಸಭಾಂಗಣ ಎಲ್ಲ ಒಂದೇ ಛಾವಣಿಯಡಿ, ಕೆರೆಗೆ ಮುಖಮಾಡಿ. ಕೌಂಟಿ ಮಂಡಳಿ ಅದನ್ನು ಒಂದೇ ಒಂದು ಮತದಿಂದ ತಿರಸ್ಕರಿಸಿತು. ರೈಟ್ 1959ರಲ್ಲಿ ಸಾಯುವವರೆಗೂ ನಕ್ಷೆ ತಿದ್ದುತ್ತಲೇ ಇದ್ದರು. ಜಗಳ ಅವರ ನಂತರವೂ ಮುಂದುವರಿಯಿತು. ಮೊನೋನ ಟೆರೇಸ್ ಕೊನೆಗೆ ಬಾಗಿಲು ತೆರೆದದ್ದು 1997ರಲ್ಲಿ, ಸಮಾವೇಶ ಭವನವಾಗಿ. ಒಳಗಿನ ಕೋಣೆಗಳನ್ನು ಬೇರೆಯವರು ರೂಪಿಸಿದ್ದು. ಛಾವಣಿಯ ಮೇಲೆ ಕೂತು ಕೆರೆ ನೋಡಿದೆ. ಚೆನ್ನಾಗಿದೆ. ಆದರೆ ಜೈಲು, ಕೋರ್ಟು, ನಗರಸಭೆ ಇದ್ದಿದ್ದರೆ ಇದು ಊರಿನದ್ದಾಗುತ್ತಿತ್ತು. ಈಗ ಕೊರಳಪಟ್ಟಿ ನೇತುಹಾಕಿಕೊಂಡು ಬರುವ ಸಮ್ಮೇಳನದ ಅತಿಥಿಗಳದ್ದು. ಒಂದು ಮತಕ್ಕೆ ಇಷ್ಟು ಉದ್ದದ ನೆರಳು.

ಗುಮ್ಮಟಕ್ಕೂ ಈ ಸಪ್ಪೆ ಕಟ್ಟಡಕ್ಕೂ ನಡುವೆ ಎರಡು ನಿಮಿಷದ ನಡಿಗೆ. 2011ರ ಫೆಬ್ರವರಿ, ಮಾರ್ಚ್‌ಗಳಲ್ಲಿ ಅದು ಬಹಳ ದೂರವಾಯಿತು. ಸರ್ಕಾರಿ ನೌಕರರ ಸಂಘಗಳ ಚೌಕಾಸಿ ಹಕ್ಕನ್ನು ಬಹುಮಟ್ಟಿಗೆ ಕಿತ್ತುಹಾಕುವ ಮಸೂದೆಯನ್ನು ರಾಜ್ಯಪಾಲ ಸ್ಕಾಟ್ ವಾಕರ್ ಮಂಡಿಸಿದಾಗ ಸಾವಿರಾರು ಜನ ಶಾಸನಭವನದೊಳಗೇ ಮಲಗಿದರು. ಆಡಳಿತ ಬಾಗಿಲುಗಳನ್ನು ಬಿಗಿ ಮಾಡಿತು. ಆಗ ಡೇನ್ ಕೌಂಟಿಯ ಶೆರಿಫ್ ಡೇವ್ ಮಹೋನಿ, ತಮ್ಮ ಸಿಬ್ಬಂದಿ ಅರಮನೆಯ ಕಾವಲುಗಾರರಲ್ಲ ಎಂದು ಹೇಳಿ ಅವರನ್ನು ಬಾಗಿಲುಗಳಿಂದ ವಾಪಸು ಕರೆಸಿಕೊಂಡರು. ರಾಜ್ಯಪಾಲರು ಅವರನ್ನು ವರ್ಗ ಮಾಡುವಂತಿರಲಿಲ್ಲ, ಅಮಾನತು ಮಾಡುವ ದಾರಿ ಸುಲಭವಿರಲಿಲ್ಲ. ಅವರನ್ನು ಆರಿಸಿದ್ದು ಕೌಂಟಿಯ ಜನ. ಮಸೂದೆ ಕಾನೂನಾಗಿಯೇ ತೀರಿತು, ಅದು ಬೇರೆ ಮಾತು. ಚುನಾಯಿತ ಶೆರಿಫ್ ಎಂಬ ಏರ್ಪಾಡು ಎಲ್ಲ ಕಡೆಯೂ ಹೀಗೆಯೇ ಒದಗಿಬರುವುದಿಲ್ಲ. ಅದೇ ಸ್ವಾತಂತ್ರ್ಯದಲ್ಲಿ ದಬ್ಬಾಳಿಕೆ ನಡೆಸಿದ ಶೆರಿಫ್‌ಗಳ ಕಥೆ ದಕ್ಷಿಣದ ರಾಜ್ಯಗಳಲ್ಲಿ ಬೇಕಾದಷ್ಟಿದೆ.

ಒಂದು ಬೆಳಗ್ಗೆ ಪಶ್ಚಿಮಕ್ಕೆ ಹೊರಟೆವು. ವೆರೋನ ದಾಟಿ ಕ್ರಾಸ್ ಪ್ಲೇನ್ಸ್ ಕಡೆ ಹೋಗುವಾಗ ನೆಲ ಇದ್ದಕ್ಕಿದ್ದಂತೆ ವರಸೆ ಬದಲಿಸುತ್ತದೆ. ಸುಮಾರು 18,000 ವರ್ಷಗಳ ಹಿಂದೆ ಉತ್ತರದಿಂದ ತೆವಳಿ ಬಂದ ಹಿಮರಾಶಿ ನಿಂತದ್ದು ಇಲ್ಲಿಯೇ. ತಾನು ಹೊತ್ತು ತಂದ ಕಲ್ಲುಮಣ್ಣನ್ನು ಒಂದು ದಿಂಡಾಗಿ ಸುರಿದು ಅದು ಕರಗಿತು. ದಿಂಡಿನ ಪೂರ್ವಕ್ಕೆ ಉಜ್ಜಿ ಸಮಮಾಡಿದ ನೆಲ, ಜೌಗು, ಆ ನಾಲ್ಕು ಕೆರೆಗಳು. ಪಶ್ಚಿಮಕ್ಕೆ ಹಿಮ ಮುಟ್ಟದ ಸೀಮೆ. ಕಡಿದಾದ ಗುಡ್ಡ, ಆಳದ ಕಣಿವೆ, ತಣ್ಣನೆಯ ತೊರೆಗಳಲ್ಲಿ ಟ್ರೌಟ್ ಮೀನು. ಚೌಕದ ಗೆರೆಗಳು ಈ ಎರಡೂ ನೆಲದ ಮೇಲೆ ಒಂದೇ ಸಮನೆ ಹಾದುಹೋಗಿವೆ. ಗುಡ್ಡದ ಸೀಮೆಯಲ್ಲಿ ರಸ್ತೆಗಳೇ ಸೋತು ಬಳುಕಿವೆ. ನಕ್ಷೆಯ ಗೆರೆ ನೇರ ಹೋದರೂ ಡಾಂಬರು ಕಣಿವೆಯನ್ನೇ ಹಿಡಿದಿದೆ.

2018ರ ಆಗಸ್ಟ್ 20ರ ರಾತ್ರಿ ಮಳೆ ಸುರಿದದ್ದು ಇಲ್ಲಿ. ಒಂದೇ ದಿನದಲ್ಲಿ ಹನ್ನೊಂದು ಅಂಗುಲಕ್ಕೂ ಹೆಚ್ಚು. ಬ್ಲ್ಯಾಕ್ ಅರ್ತ್ ತೊರೆ ಉಕ್ಕಿ ಊರುಗಳಿಗೆ ನುಗ್ಗಿತು. ಮ್ಯಾಡಿಸನ್ನಿನ ಪಶ್ಚಿಮ ಬಡಾವಣೆಯಲ್ಲಿ ಒಬ್ಬರು ಕೊಚ್ಚಿಹೋದರು. ಗುಡ್ಡದ ನೀರಿನದ್ದು ಅವಸರ. ಅದರ ಅನಾಹುತ ಒಂದೆರಡು ದಿನದ್ದು. ಆಮೇಲೆ ಕೆರೆಗಳ ಸರದಿ.

ಯಹಾರ ಎಂಬ ಪುಟ್ಟ ನದಿ ಮೆಂಡೋಟ, ಮೊನೋನ, ವಾಬೀಸ, ಕೆಗಾನ್ಸಗಳನ್ನು ಒಂದಕ್ಕೊಂದು ಪೋಣಿಸುತ್ತದೆ. ಮೆಂಡೋಟದಿಂದ ಮೊನೋನಕ್ಕೆ ನೀರು ಇಳಿಯುವುದು ಟೆನಿ ಪಾರ್ಕಿನ ತೂಬಿನಲ್ಲಿ. 1840ರ ದಶಕದ ಕೊನೆಗೆ ಗಿರಣಿ ನಡೆಸಲೆಂದು ಕಟ್ಟಿದ ಅಡ್ಡಗಟ್ಟೆಯೇ ಅದರ ಮೂಲ. ಮೆಂಡೋಟ ಅಂದಿನಿಂದ ತನ್ನ ಸಹಜ ಮಟ್ಟಕ್ಕಿಂತ ಹಲವು ಅಡಿ ಮೇಲೆಯೇ ನಿಂತಿದೆ. ತೂಬಿನ ಪಕ್ಕದ ಲಾಕ್‌ನಲ್ಲಿ ದೋಣಿಗಳು ಕೋಣೆಯೊಳಗೆ ನಿಂತು ಸುಮಾರು ಐದು ಅಡಿ ಇಳಿಯುವುದನ್ನು ಮಕ್ಕಳ ಜೊತೆ ನಾನೂ ನೋಡುತ್ತ ನಿಂತೆ. ತೂಬು ತೆರೆಯುವ, ಮುಚ್ಚುವ ಕೆಲಸ ಕೌಂಟಿಯ ನೆಲಜಲ ಇಲಾಖೆಯದು. ನಮ್ಮ ಕಡೆ ಕೆರೆ ತೂಬಿಗೊಬ್ಬ ನೀರುಗಂಟಿ ಇರುತ್ತಿದ್ದ. ಮೇಲಿನ ಗದ್ದೆಯವನ ಬೈಗುಳ, ಕೆಳಗಿನ ಗದ್ದೆಯವನ ಬೈಗುಳ ಎರಡೂ ಅವನಿಗೇ. ಡೇನ್ ಕೌಂಟಿ ಮಾಡುತ್ತಿರುವುದು ಅದೇ ನೀರುಗಂಟಿಕೆ, ಬೈಗುಳದ ಸಮೇತ.

ಎಷ್ಟು ನೀರಿರಬೇಕೆಂದು ಹೇಳುವುದು ಈ ನೀರುಗಂಟಿಯಲ್ಲ. 1979ರಲ್ಲಿ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಪ್ರತಿ ಕೆರೆಗೂ ಮಟ್ಟ ಗೊತ್ತುಮಾಡಿತು. ಮೆಂಡೋಟದ ಬೇಸಿಗೆಯ ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವೆ ಅರ್ಧ ಅಡಿಯ ಅಂತರ. ಅಂದರೆ ಆಜ್ಞೆ ಗುಮ್ಮಟದ ಕಡೆಯಿಂದ, ಕೈ ಕೌಂಟಿಯದು, ಒದ್ದೆಯಾಗುವ ಕಾಲು ನಗರದವರದು. 2018ರಲ್ಲಿ ಮೆಂಡೋಟ ಅರ್ಧ ಅಡಿಯ ಗಡಿ ದಾಟಿ ಉಬ್ಬಿತ್ತು. ತೂಬು ಜಾಸ್ತಿ ತೆರೆದರೆ ಕೆಳಗಿನ ಮೊನೋನ ಇನ್ನಷ್ಟು ಏರಿ ಆ ದಡದ ಮನೆಗಳು ಮುಳುಗುತ್ತಿದ್ದವು. ತೆರೆಯದಿದ್ದರೆ ಹಳೆಯ ಅಡ್ಡಗಟ್ಟೆಯ ಮೇಲೆ ಒತ್ತಡ. ನಡುವಿನ ನೆಲಪಟ್ಟಿಯ ಬೀದಿಗಳಲ್ಲಿ ಚರಂಡಿಯೊಳಗಿಂದಲೇ ಕೆರೆ ಮೇಲಕ್ಕೆ ಬಂತು. ಶಾಸನಭವನದಿಂದ ಕೂಗಳತೆಯ ಪೂರ್ವ ಜಾನ್ಸನ್ ಬೀದಿಯಲ್ಲಿ ಮರಳು ಚೀಲದ ಗೋಡೆಗಳು ವಾರಗಟ್ಟಲೆ ನಿಂತವು.

ನೀರು ಇಳಿದ ಮೇಲೆ ಜನ ಕೌಂಟಿ ಮಂಡಳಿಯ ಮುಂದೆ ಸಾಲುಗಟ್ಟಿದರು. ಮೆಂಡೋಟದ ಮಟ್ಟವನ್ನೇ ಒಂದಡಿ ಇಳಿಸಿ ಎಂಬುದು ಕೆಳಗಿನವರ ಮಾತು. ಇಳಿಸಿದರೆ ನಮ್ಮ ದೋಣಿಕಟ್ಟೆಗಳು ಕೆಸರಿನಲ್ಲಿ ನಿಲ್ಲುತ್ತವೆ, ಜೌಗಿನ ಮೀನುಮರಿ ಸಾಯುತ್ತವೆ ಎಂಬುದು ಮೇಲಿನವರದು. ತಜ್ಞರು ಕಂಪ್ಯೂಟರಿನಲ್ಲಿ ಎಲ್ಲ ಸಾಧ್ಯತೆಗಳನ್ನೂ ಹರಿಸಿ ನೋಡಿ ಕೊಟ್ಟ ಸಲಹೆ ಯಾವ ಹಳ್ಳಿಯ ನೀರುಗಂಟಿಯೂ ಕೊಡಬಹುದಾದದ್ದು: ಹೂಳೆತ್ತಿ. ಮೊನೋನದ ಕೆಳಗೆ ಯಹಾರದ ಹಾದಿ ತೀರಾ ಸಪಾಟು. ಊರಿನ ಚರಂಡಿ, ಹೊಲಗಳ ಮಣ್ಣು, ಪಾಚಿ, ತಗ್ಗಿನ ಸೇತುವೆಗಳು ಸೇರಿ ನೀರಿನ ಗಂಟಲು ಕಟ್ಟಿದ್ದವು. 2020ರಲ್ಲಿ ಕೌಂಟಿ ಹಂತಹಂತವಾಗಿ ಹೂಳು ತೆಗೆಸಲು ಶುರುಮಾಡಿತು.

ಹೂಳಿನ ಜೊತೆ ಬರುವುದು ರಂಜಕ. ಕೆರೆಗಳ ಸುತ್ತ ಹಸು ಸಾಕುವ ಸೀಮೆ. ಸಗಣಿಯನ್ನು ಹೊಲಕ್ಕೆ ಹರಡುತ್ತಾರೆ, ಹಿಮ ಕರಗುವಾಗ ಅದರ ಸಾರ ಕೆರೆಗೆ ಇಳಿಯುತ್ತದೆ, ಬೇಸಿಗೆಯಲ್ಲಿ ನೀರು ಹಸಿರು ಬಣ್ಣದ ಗಂಜಿಯಾಗುತ್ತದೆ. ನಗರವೇನೂ ಮಡಿವಂತನಲ್ಲ. ಅದು ತನ್ನ ಸಂಸ್ಕರಿಸಿದ ಕೊಳಚೆನೀರನ್ನು ದಶಕಗಳ ಕಾಲ ಇದೇ ಕೆರೆಗಳಿಗೆ ಬಿಟ್ಟು, 1958ರಲ್ಲಿ ಕೊಳವೆ ಹಾಕಿ ದಕ್ಷಿಣದ ಬ್ಯಾಡ್‌ಫಿಶ್ ಎಂಬ ತೊರೆಗೆ ತಿರುಗಿಸಿತು. ಆ ತೊರೆ ನಾಲ್ಕೂ ಕೆರೆಗಳನ್ನು ತಪ್ಪಿಸಿ ಕೆಳಗೆ ಯಹಾರಕ್ಕೇ ಸೇರುತ್ತದೆ. ಕೆರೆ ಉಳಿಯಿತು, ಕೊಳಕು ಮುಂದಿನ ಊರಿಗೆ ಹೋಯಿತು. ಈಗ ಹೊಸ ಬುದ್ಧಿ ಬಂದಿದೆ: ಕೋಟಿಗಟ್ಟಲೆ ಖರ್ಚಿನ ಹೊಸ ಶೋಧಕ ಕಟ್ಟುವ ಬದಲು ಅದೇ ಹಣದ ಒಂದು ಭಾಗವನ್ನು ಮೇಲ್ಹರಿವಿನ ರೈತರಿಗೆ ಕೊಟ್ಟು, ಹೊಲದ ಅಂಚಿಗೆ ಹುಲ್ಲುಪಟ್ಟಿ ಬೆಳೆಸಿ, ಸಗಣಿ ಹರಡುವ ರೀತಿ ಬದಲಿಸಿ ಎನ್ನುವುದು. ವೌನಕೀ ಹತ್ತಿರ ಕೆಲವು ರೈತರ ಸಗಣಿಯನ್ನು ಒಟ್ಟಿಗೆ ಹುದುಗಿಸಿ ಅನಿಲ ತೆಗೆಯುವ ಘಟಕವೂ ಇದೆ. ಗೋಬರ್ ಗ್ಯಾಸ್ ಎಂದು ಹೇಳಿದರೆ ನಮ್ಮೂರಿನವರಿಗೆ ತಟ್ಟನೆ ಹೊಳೆದೀತು. ನಗರದ ದುಡ್ಡು ಹೀಗೆ ಟೌನಿನ ಹೊಲಕ್ಕೆ ಹೋಗಬೇಕಾದರೆ ನಗರ, ಗ್ರಾಮ, ಟೌನ್, ಒಳಚರಂಡಿ ಮಂಡಳಿ, ಕೌಂಟಿ ಎಲ್ಲ ಒಂದೇ ಕರಾರಿಗೆ ಸಹಿ ಹಾಕಬೇಕು. ಹಾಕಿದ್ದಾರೆ. ಎಷ್ಟು ರಂಜಕ ತಡೆದರೆ ಎಷ್ಟು ದುಡ್ಡು ಎಂಬ ಲೆಕ್ಕ ಪ್ರತಿ ವರ್ಷ ನಡೆಯುತ್ತದೆ.

ಊರಿಗೆ ಹೊರಡುವ ಮುಂಚೆ ಅಣ್ಣನ ಮಗನನ್ನು ಕೇಳಿದೆ, "ನಿನ್ನ ಸೂಪರ್‌ವೈಸರ್ ಯಾರೋ?"

"ಆಫೀಸಲ್ಲಾ?"

"ಕೌಂಟೀಲಿ."

ಅವನು ಫೋನ್ ತೆಗೆದು ಹುಡುಕತೊಡಗಿದ. ಅವನಿಗಿನ್ನೂ ಮತದ ಹಕ್ಕು ಬಂದಿಲ್ಲ, ಗ್ರೀನ್ ಕಾರ್ಡಿನ ಸರದಿಯಲ್ಲಿದ್ದಾನೆ. ತೆರಿಗೆ ಮಾತ್ರ ಮೊದಲ ವರ್ಷದಿಂದಲೂ ಕಟ್ಟುತ್ತಿದ್ದಾನೆ. "ಸಿಕ್ಕಿದ್ರು ಚಿಕ್ಕಪ್ಪ, ನಂಬರೂ ಇದೆ. ಫೋನ್ ಮಾಡಿ ಏನು ಕೇಳ್ಲಿ?"

"ಹೂಳು ಎಲ್ಲೀವರೆಗೂ ಬಂತು ಅಂತ ಕೇಳು," ಎಂದೆ. ಸೊಸೆ ಬಿಲ್ಲಿನ ಹಾಳೆ ಮಡಚಿಡುತ್ತ, ಅದರ ಜೊತೆ ಕೌಂಟಿ ಪಿಡಿಯ ಗುಂಡಿಗಳ ಬಗ್ಗೆಯೂ ಕೇಳಬೇಕು ಎಂದಳು.